ಒಸಿ ಸರ್ಕೊಳ್ಳಿ

ನನ್ನ ಕಂಪ್ಯೂಟರಿನ ಪರದೆ ಹೇಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರ ಬಾಯಿಂದ ಕೇಳಿ ನೀವು ಬೇಜಾರು ಮಾಡಿಕೊಳ್ಳುವುದು ಬೇಡ. ಚನ್ನಪಟ್ಟಣದಲ್ಲಿ ನನ್ನದೊಂದು ಪುಟ್ಟ ಡಿಟಿಪಿ ಅಂಗಡಿ ಇದೆ. ಮದುವೆಯ ಕರೆಯೋಲೆ, ತಿಥಿ ಕಾರ್ಡು, ಹಾಲಿನ ಸಂಘದ ವರದಿ, ಒಮ್ಮೊಮ್ಮೆ ಯಾರಾದರೂ ನಿವೃತ್ತ ಮೇಷ್ಟರ ಕವನ ಸಂಕಲನ, ಎಲ್ಲವೂ ನನ್ನ ಕೈಯಲ್ಲೇ ಪುಟವಾಗುವುದು. ಪರದೆಯ ಮೇಲೆ ಮೊಮ್ಮಗಳ ಫೋಟೊ ಹಾಕಿಕೊಂಡಿದ್ದೆ. ಅಲ್ಲೊಂದು ಫೋಟೊ ಇದೆ ಎಂದು ನನಗೆ ಗೊತ್ತಿತ್ತೇ ಹೊರತು ನೋಡಿದವರಿಗೆ ಕಾಣುತ್ತಿರಲಿಲ್ಲ. ಅದರ ಮೇಲೆ ಅಷ್ಟು ಫೈಲುಗಳು. 'ಮಂಜು ಮದುವೆ ಫೈನಲ್', 'ಮಂಜು ಮದುವೆ ಫೈನಲ್ ಹೊಸದು', 'ಮಂಜು ಮದುವೆ ಇದೇ ಫೈನಲ್', ಕೊನೆಗೆ ಬೀಗರ ಕಡೆಯ ಯಾರದೋ ಹೆಸರು ಬಿಟ್ಟುಹೋಗಿ ಗಲಾಟೆಯಾದ ಮೇಲೆ ಮಾಡಿದ 'ಮಂಜು ಮದುವೆ ದೇವರಾಣೆ ಫೈನಲ್'. ಮಂಜುವಿನ ಮಗ ಈಗ ಶಾಲೆಗೆ ಹೋಗುತ್ತಾನೆ. ಆ ಫೈಲುಗಳೆಲ್ಲ ಇನ್ನೂ ನನ್ನ ಮೊಮ್ಮಗಳ ಹಣೆಯ ಮೇಲೆಯೇ ಕೂತಿದ್ದವು.

ಕೆಲಸಕ್ಕೆ ಕೂತರೆ ಇನ್ನೂ ಚೆಂದ. ಒಂದು ಕಿಟಕಿ ತೆರೆದರೆ ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಹತ್ತಿ ಕೂರುತ್ತಿತ್ತು. ಅಡಿಯಲ್ಲಿ ಸಿಕ್ಕಿಕೊಂಡ ಕಿಟಕಿಯನ್ನು ಹುಡುಕಿ ತೆಗೆಯುವಷ್ಟರಲ್ಲಿ ಎದುರಿಗೆ ಕೂತ ಗಿರಾಕಿ ಹೋಗಿ ಕಾಫಿ ಕುಡಿದು ಬಂದಿರುತ್ತಿದ್ದರು. ಇದನ್ನೆಲ್ಲ ನೋಡಿ ಸಹಿಸದವಳು ನನ್ನ ತಂಗಿಯ ಮಗಳು ಚೈತ್ರ. ರಾಮನಗರದ ಕಡೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಒಂದು ಭಾನುವಾರ ಬಂದವಳೇ ಸೊಂಟಕ್ಕೆ ದುಪಟ್ಟಾ ಸಿಕ್ಕಿಸಿಕೊಂಡಳು.

"ದೊಡ್ಡಮ್ಮ, ಇದು ಕಂಪ್ಯೂಟ್ರಾ ತಿಪ್ಪೆನಾ?"

"ತಿಪ್ಪೆ ಇದ್ದ ಮನೇಲೇ ಕಣೆ ಗೊಬ್ಬರ ಇರೋದು" ಎಂದೆ. ಅವಳು ನಗಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಕಂಪ್ಯೂಟರಿಗೆ ಟೈಲಿಂಗ್ ವಿಂಡೋ ಮ್ಯಾನೇಜರ್ ಎಂಬುದನ್ನು ಹಾಕಿ, ನನ್ನನ್ನು ಮಗ್ಗಿ ಕಲಿಯುವ ಹುಡುಗಿಯ ಹಾಗೆ ಪಕ್ಕದಲ್ಲಿ ಕೂರಿಸಿಕೊಂಡಳು.

"ಇನ್ಮೇಲೆ ಯಾವ ಕಿಟಕೀನೂ ಇನ್ನೊಂದರ ಮೇಲೆ ಹತ್ತಲ್ಲ. ಒಂದೇ ತೆಗೆದ್ರೆ ಪರದೆಯೆಲ್ಲಾ ಅದಕ್ಕೇ. ಎರಡನೇದು ತೆಗೆದ್ರೆ ಮೊದಲನೇದು ಅರ್ಧಕ್ಕೆ ಸರ್ಕೊಳುತ್ತೆ. ಮೂರನೇದು ಬಂದ್ರೆ ಎರಡನೇದು ತನ್ನ ಪಾಲಲ್ಲಿ ಅರ್ಧ ಬಿಟ್ಕೊಡುತ್ತೆ. ನೀವು ಮೌಸ್ ಹಿಡ್ಕೊಂಡು ಎಳೆಯೋದು, ಜರುಗಿಸೋದು ಏನೂ ಬೇಡ. ಎಲ್ಲಾ ತಾನಾಗೇ ಆಗುತ್ತೆ."

"ಒಂದನ್ನ ಮುಚ್ಚಿದ್ರೆ?"

"ಮಿಕ್ಕಿದ್ದವು ಆ ಜಾಗಾನೂ ತುಂಬ್ಕೊಳ್ಳುತ್ವೆ. ಖಾಲಿ ಅನ್ನೋದೇ ಇರಲ್ಲ."

ಮಾರನೆಯ ದಿನ ಅಂಗಡಿ ತೆರೆದು ಸ್ವಿಚ್ ಒತ್ತಿದರೆ ಕಪ್ಪು ಪರದೆ. ಫೈಲುಗಳಿಲ್ಲ, ಮೂಲೆಯಲ್ಲಿ ಮುಚ್ಚುವ ಗುರುತಿಲ್ಲ, ಏನೂ ಇಲ್ಲ. ತಂದೆಯ ತಿಥಿ ಕಾರ್ಡು ಮಾಡಿಸಲು ಒಬ್ಬರು ತಲೆ ಬೋಳಿಸಿಕೊಂಡು ಬಂದು ಕೂತಿದ್ದರು. ಚೈತ್ರ ಹೇಳಿಕೊಟ್ಟ ಕೀಲಿಗಳಲ್ಲಿ ನೆನಪಿದ್ದುದನ್ನು ಒತ್ತಿದೆ. ಒಂದು ಕಿಟಕಿ ಬಂತು. ಮುಚ್ಚೋಣವೆಂದು ಇನ್ನೊಂದು ಕೀಲಿ ಒತ್ತಿದರೆ ಮತ್ತೊಂದು ಬಂತು. ಗಾಬರಿಯಲ್ಲಿ ಒತ್ತಿದಷ್ಟೂ ಬರುತ್ತಲೇ ಹೋಗಿ, ಕೊನೆಗೆ ಒಂದೊಂದು ಕಿಟಕಿಯೂ ಅಗರಬತ್ತಿ ಕಡ್ಡಿಯಷ್ಟು ಸಣ್ಣಗಾಗಿ, ಕಾರ್ಡಿನ ಅಕ್ಷರಗಳು ಒಂದರ ಕೆಳಗೆ ಒಂದು ಇಳಿದು ನಿಂತವು. ಅವರು ಬಗ್ಗಿ ನೋಡಿ ಬಹಳ ಮರ್ಯಾದೆಯಿಂದ, "ಮೇಡಂ, ನಮ್ಮಪ್ಪನ ಹೆಸ್ರು ಇಷ್ಟುದ್ದ ಇರ್ಲಿಲ್ಲ" ಎಂದರು. ದುಃಖದಲ್ಲಿದ್ದವರನ್ನು ನಗಿಸಿದ ಪುಣ್ಯವಾದರೂ ನನಗೆ ಬರಲಿ.

ಕೈ ಕಲಿಯುವುದಕ್ಕೆ ಕೆಲವು ವಾರ ಹಿಡಿಯಿತು. ಕಲಿತ ಮೇಲೆ ಒಂದು ಮಧ್ಯಾಹ್ನ ಕರೆಯೋಲೆ ಒಂದು ಕಿಟಕಿಯಲ್ಲಿ, ಗಣಪತಿಯ ಚಿತ್ರ ಒಂದರಲ್ಲಿ, ಹೆಸರುಗಳ ಪಟ್ಟಿ ಇನ್ನೊಂದರಲ್ಲಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ನಾಲ್ಕನೆಯದನ್ನು ತೆರೆದೆ. ಇದ್ದವು ಗಲಾಟೆಯಿಲ್ಲದೆ ಸರಿದು, ಬಂದದ್ದಕ್ಕೆ ಜಾಗ ಕೊಟ್ಟವು. ಆ ಕ್ಷಣಕ್ಕೆ ನನ್ನ ಕಿವಿಯಲ್ಲಿ ಹೊಂಗನೂರಿನ ನಮ್ಮಜ್ಜಿ ನಿಂತು, "ಒಸಿ ಸರ್ಕೊಳ್ಳಿ, ಒಸಿ ಸರ್ಕೊಳ್ಳಿ" ಎಂದು ಕೂಗಿದ ಹಾಗಾಯಿತು. ಕೈ ಕೀಲಿಮಣೆಯ ಮೇಲೆಯೇ ನಿಂತುಹೋಯಿತು.

ನಾನು ಚಿಕ್ಕವಳಿದ್ದಾಗಿನ ಮಾತು, ರೇಷ್ಮೆ ಗೂಡಿಗೆ ಒಳ್ಳೆಯ ಬೆಲೆ ಬಂದಿದ್ದ ಕಾಲ ಅದು. ರಾಗಿ ಬೆಳೆಯುತ್ತಿದ್ದ ಹೊಲಕ್ಕೆಲ್ಲ ಹಿಪ್ಪುನೇರಳೆ ಕಡ್ಡಿ ಬಂದು ಕೂತಿತ್ತು. ಊರಿನಲ್ಲಿ ಒಬ್ಬರು ಮೋಟಾರ್ ಸೈಕಲ್ ಓಡಿಸಲು ಕಲಿಯುವ ಮೊದಲೇ ಕೊಂಡುಬಿಟ್ಟು, ಅದನ್ನು ಎಮ್ಮೆಯ ಹಾಗೆ ಹಿಡಿದು ನಡೆಸಿಕೊಂಡು ಓಡಾಡುತ್ತಿದ್ದರು. ನಮ್ಮ ಮನೆಗೆ ಬಂದ ಸಿರಿಯೆಂದರೆ ಒಂದು ಟೇಬಲ್ ಫ್ಯಾನು. ಅದೂ ನಮಗಲ್ಲ, ಹುಳಕ್ಕೆ. ಸೆಕೆಗೆ ಹುಳ ಸಪ್ಪಗಾಗಬಾರದೆಂದು ಅಪ್ಪ ತಂದದ್ದು. ಹುಳ ಸಾಕುವ ತಟ್ಟೆಗಳಿಗೆ ಗಾಳಿ ಹೊಡೆದು ಮಿಕ್ಕಿದ್ದು ನಮಗೆ ತಾಗಲಿ ಎಂದು ನಾನೂ ತಂಗಿಯೂ ತಟ್ಟೆ ಜೋಡಿಸಿದ ಸ್ಟ್ಯಾಂಡಿನ ಹಿಂದೆ ಹೋಗಿ ಕೂರುತ್ತಿದ್ದೆವು. ನನ್ನ ಜನ್ಮದಲ್ಲಿ ಮೊದಲು ತಿಂದ ಫ್ಯಾನಿನ ಗಾಳಿ ಹುಳದ ಎಂಜಲು.

ಹುಳ ಸಾಕುವ ಮನೆ ಮನುಷ್ಯರದ್ದಲ್ಲ. ಮೊಟ್ಟೆ ತಂದಾಗ ಇರುವೆಯಂಥ ಮರಿಗಳು ಕೋಣೆಯ ಒಂದೇ ತಟ್ಟೆಯಲ್ಲಿ ಅಡಗಿರುತ್ತವೆ. ಆಗ ಮನೆಯೆಲ್ಲ ನಮ್ಮದೇ. ಕೆಲವು ದಿನ ತಿಂದು, ಪೊರೆ ಬಿಡುವ ಮೊದಲು ಹುಳ ಮೇವು ನಿಲ್ಲಿಸಿ, ತಲೆಯೆತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ ಎಂದು ನಾಲ್ಕರ ತನಕ. ಒಂದೊಂದು ಜ್ವರದಿಂದ ಎದ್ದಾಗಲೂ ಹುಳ ದೊಡ್ಡದಾಗುತ್ತದೆ, ತಟ್ಟೆ ಸಾಲದಾಗುತ್ತದೆ. ಒತ್ತಾಗಿ ಬಿಟ್ಟರೆ ರೋಗ ಬರುತ್ತದೆ. ಒಂದು ತಟ್ಟೆಯದನ್ನು ಎರಡು ಮಾಡಬೇಕು, ಎರಡನ್ನು ನಾಲ್ಕು ಮಾಡಬೇಕು. ಕೋಣೆ ತುಂಬಿ ಹುಳ ನಡುಮನೆಗೆ ಬರುತ್ತದೆ. ನಾವು ಹೊರಕ್ಕೆ ಹೋಗುತ್ತೇವೆ.

ಆ ಹೊತ್ತಿಗೆ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಡುಮನೆಯಲ್ಲಿ ನಿಲ್ಲುತ್ತಿದ್ದಳು. ಯಾರ ಚಾಪೆ ಎಲ್ಲಿಗೆ ಎಂದು ಹೇಳುವವಳು ಅವಳೇ. ಅಪ್ಪ ತಟ್ಟೆಗಳ ಪಕ್ಕ. ಅಜ್ಜಿ ಜಗಲಿಯ ಕಂಬದ ಹತ್ತಿರ. ನಾನೂ ತಂಗಿಯೂ ರಾಗಿಯ ಗುಡಾಣಕ್ಕೂ ಗೋಡೆಗೂ ನಡುವೆ, ಒಬ್ಬಳ ತಲೆ ಈ ಕಡೆ, ಇನ್ನೊಬ್ಬಳ ತಲೆ ಆ ಕಡೆ. ಬೆಳಗ್ಗೆ ಏಳುವಾಗ ಒಬ್ಬರ ಕಾಲು ಇನ್ನೊಬ್ಬರ ಬಾಯಲ್ಲಿ. ಜಗಳವಾಡಿದರೆ ಅಜ್ಜಿ, "ನೀವು ಆಮೇಲೂ ಮಲಗ್ಬೋದು ಕಣ್ರವ್ವಾ, ಹುಳ ಮತ್ತೆ ಹುಟ್ಟಾಕಿಲ್ಲ. ಒಸಿ ಸರ್ಕೊಳ್ಳಿ" ಎನ್ನುತ್ತಿದ್ದಳು.

ಊಟಕ್ಕೂ ಅದೇ ಕಾನೂನು. ಒಗ್ಗರಣೆಯ ಘಾಟು ಹುಳಕ್ಕೆ ಆಗುವುದಿಲ್ಲ ಎಂದು ಬೆಳೆ ಮುಗಿಯುವ ತನಕ ಮುದ್ದೆ, ಉಪ್ಸಾರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆ ಹೊರಗಿನವರು ಒಳಗೆ ಬರುವ ಹಾಗಿಲ್ಲ ಎಂದು ಅರ್ಥ. ಮನೆಯವರೂ ಕಾಲು ತೊಳೆಯದೆ ಹೊಸಿಲು ದಾಟುವಂತಿಲ್ಲ. ಹುಳ ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತದೆ ಎಂದು ಎಲ್ಲರೂ ಹೇಳುವುದರಿಂದ ನಾನು ಹೇಳುವುದಿಲ್ಲ. ನನಗೆ ಅದು ನೂರಾರು ಅಜ್ಜಿಯರು ಒಟ್ಟಿಗೆ ಎಲೆಯಡಿಕೆ ಜಗಿದ ಹಾಗೆ ಕೇಳುತ್ತಿತ್ತು.

ಎಲ್ಲರ ಜಾಗ ಹೇಳಿದೆ, ಅವ್ವನದು ಹೇಳಲಿಲ್ಲ. ಮರೆತು ಬಿಟ್ಟದ್ದಲ್ಲ. ಹುಳದ ದಿನಗಳಲ್ಲಿ ನಮ್ಮವ್ವ ಎಲ್ಲಿ ಮಲಗುತ್ತಿದ್ದಳು ಎಂದು ನನಗೆ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ತಂಗಿಗೆ ಫೋನ್ ಮಾಡಿ ಕೇಳಿದೆ. "ಒಲೆ ಹತ್ರ ಇರ್ಬೇಕು ಕಣಕ್ಕ" ಎಂದಳು. ಅಲ್ಲಿ ಸೊಪ್ಪಿನ ರಾಶಿ ಇತ್ತಲ್ಲೇ ಎಂದೆ. "ಹಂಗಾದ್ರೆ ಕೊಟ್ಟಿಗೇಲಿ." ಕೊಟ್ಟಿಗೆಯಲ್ಲಿ ದನ ಇದ್ದವು. ಅವ್ವನನ್ನೇ ಕೇಳೋಣವೆಂದರೆ ಅವಳಿಲ್ಲ. ಪರದೆಯ ಮೇಲೆ ಕಿಟಕಿಗಳು ಹೆಚ್ಚಾದಾಗ ಮೂಲೆಯದೊಂದು ಗೀರಿನಷ್ಟಾಗಿ ಉಳಿಯುತ್ತದೆ. ಅದು ಅಲ್ಲಿ ಇದೆಯೆಂಬುದು ಅದರ ಕೆಲಸ ಬೇಕಾದಾಗ ಮಾತ್ರ ನನಗೆ ನೆನಪಾಗುತ್ತದೆ. ಈಚೆಗೆ ಹಾಗೆ ಮೂಲೆ ಸೇರಿದ ಕಿಟಕಿಯನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಸುಮ್ಮನೆ ಅದನ್ನು ದೊಡ್ಡದು ಮಾಡಿ ನೋಡುತ್ತೇನೆ.

ಇಂಥ ಮನೆಗೆ ಒಂದು ದಿನ ಜಯತ್ತೆ ಬಂದಳು. ಅಪ್ಪನ ಒಬ್ಬಳೇ ತಂಗಿ. ಕನಕಪುರದ ಆಚೆ ದೊಡ್ಡಆಲಹಳ್ಳಿಗೆ ಕೊಟ್ಟಿತ್ತು. ಮಕ್ಕಳಾಗಲಿಲ್ಲವೆಂದು ಅವಳ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಮನೆಗೆ ಕರೆತಂದಿದ್ದ. ಜಯತ್ತೆ ಅವನೊಂದಿಗೆ ಜಗಳವಾಡದೆ, ಯಾರಿಗೂ ಹೇಳದೆ, ಬಟ್ಟೆಯ ಗಂಟು ಹಿಡಿದುಕೊಂಡು ಬಸ್ಸು ಹತ್ತಿದ್ದಳು. ನಮ್ಮ ಬಾಗಿಲಿಗೆ ಬಂದವಳು ಬೇವಿನ ಸೊಪ್ಪು ನೋಡಿ ಅಂಗಳದಲ್ಲೇ ನಿಂತುಬಿಟ್ಟಳು. ಹುಟ್ಟಿದ ಮನೆ. ಆದರೆ ಕೊಟ್ಟ ಹೆಣ್ಣು. ತಾನು ಒಳಗಿನವಳೋ ಹೊರಗಿನವಳೋ ಎಂದು ಅವಳಿಗೆ ತಿಳಿಯಲಿಲ್ಲ. ಸೊಪ್ಪು ಹೆಚ್ಚುತ್ತಿದ್ದ ಅಜ್ಜಿ ತಲೆಯೆತ್ತಿ ನೋಡಿದಳು.

"ಯಾಕೆ ನಿಂತ್ಕಂಡೆ? ಕಾಲ್ ತೊಳ್ಕಂಡ್ ಬಾ. ಮೂರ್ನೇ ಜ್ವರದಿಂದ ಎದ್ದವೆ, ಸೊಪ್ಪಾಕೋರೇ ಇಲ್ಲ."

ಜಯತ್ತೆ ಕಾಲು ತೊಳೆದುಕೊಂಡು ಬಂದಳು. ಯಾಕೆ ಬಂದೆ ಎಂದು ಆ ದಿನ ಯಾರೂ ಕೇಳಲಿಲ್ಲ. ಕೇಳುವುದಕ್ಕೆ ಪುರಸೊತ್ತೂ ಇರಲಿಲ್ಲ.

ಒಳಗೆ ಬರುವುದೇನೋ ಆಯಿತು, ಇರುವುದು ಎಲ್ಲಿ? ಚೈತ್ರ ಹೇಳಿದ ಇನ್ನೊಂದು ಸಂಗತಿ ನೆನಪಾಗುತ್ತದೆ. ಕೆಲವು ಚಿಕ್ಕ ಕಿಟಕಿಗಳಿಗೆ ಪರದೆಯಲ್ಲಿ ಪಾಲು ಸಿಗುವುದಿಲ್ಲವಂತೆ. 'ಫೈಲ್ ಉಳಿಸಬೇಕೆ, ಬೇಡವೆ' ಎಂದು ಕೇಳಲು ಬರುತ್ತವಲ್ಲ, ಅಂಥವು. ಅವು ಮಿಕ್ಕವುಗಳ ಮೇಲೆ ತೇಲಿಕೊಂಡಿದ್ದು, ಉತ್ತರ ಸಿಕ್ಕ ಕೂಡಲೇ ಇಲ್ಲವಾಗುತ್ತವೆ. ಜಯತ್ತೆ ಹಾಗಿದ್ದಳು. ಒಂದು ರಾತ್ರಿ ನಮ್ಮ ಜೊತೆ ಗುಡಾಣದ ಪಕ್ಕ, ಇನ್ನೊಂದು ರಾತ್ರಿ ಜಗಲಿಯಲ್ಲಿ ಅಜ್ಜಿಯ ಕಾಲ ಬಳಿ. ಬೆಳಗಾದರೆ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಯಾರ ಕಾಲಿಗೂ ಸಿಗದ ಜಾಗ ಎಲ್ಲಿದೆ ಎಂದು ಮನೆಯೆಲ್ಲ ಸುತ್ತುತ್ತಿದ್ದಳು.

ಕೆಲಸಕ್ಕೆ ಮಾತ್ರ ಇಬ್ಬರ ಸಮ. ಹುಳದ ಜೊತೆ ಮಾತಾಡುತ್ತಲೇ ಸೊಪ್ಪು ಹಾಕುವಳು. "ತಿನ್ರೇ, ತಿನ್ರೇ, ನಿಮ್ಮಪ್ಪನ ಗಂಟೇನು ಓಯ್ತದೆ?" ಸೋಮಾರಿ ಹುಳವೊಂದನ್ನು ಕಂಡರೆ ಅದಕ್ಕೆ ದೊಡ್ಡಆಲಹಳ್ಳಿಯ ತನ್ನ ಮೈದುನನ ಹೆಸರಿಟ್ಟು ಬೈಯುವಳು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವಳು ಹೋಗುವುದು ನನಗೂ ತಂಗಿಗೂ ಬೇಡವಾಗಿತ್ತು. ಆದರೆ ಊರಿನವರು ಯಾವಾಗ ವಾಪಸ್ಸು ಎಂದು ಕೇಳಿದರೆ, "ಗೂಡು ಬಿಡ್ಸಿದ್ ಮ್ಯಾಕೆ ಓಯ್ತೀನಿ" ಎನ್ನುತ್ತಿದ್ದಳು. ಎಲ್ಲಿಗೆ ಎಂದು ಹೇಳುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಣ್ಣನ ಒಂದು ಮಾತು. ಅಪ್ಪನೋ ಮಾತಿನಲ್ಲಿ ಮಹಾ ಜಿಪುಣ. ಸಾರಿಗೆ ಉಪ್ಪು ಕಮ್ಮಿಯಾದರೆ ಉಪ್ಪಿನ ಮಡಕೆಯ ಕಡೆ ನೋಡುವನೇ ಹೊರತು ಬಾಯಿ ತೆರೆಯುವವನಲ್ಲ.

ಹುಳ ಹಣ್ಣಾದ ದಿನ ಬಂತು. ಹಣ್ಣಾಗುವುದೆಂದರೆ ಹುಳ ತಿನ್ನುವುದು ಬಿಟ್ಟು, ಮೈ ನಸುಹಳದಿಯಾಗಿ, ನೂಲು ಬಿಡಲು ಜಾಗ ಹುಡುಕುತ್ತ ತಲೆಯಾಡಿಸುವುದು. ಆಗ ಅವನ್ನು ಆರಿಸಿ ಚಂದ್ರಂಕಿಗೆ ಬಿಡಬೇಕು. ಬಿದಿರ ತಟ್ಟಿಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ಸುತ್ತಿರುವುದೇ ಚಂದ್ರಂಕಿ. ಆ ಸುರುಳಿಯ ಸಂದಿಯಲ್ಲಿ ಒಂದೊಂದು ಹುಳಕ್ಕೂ ಅದರದೇ ಆದಷ್ಟು ಜಾಗ ಸಿಗಬೇಕು. ಒತ್ತಾಗಿ ಸುರಿದರೆ ಎರಡು ಹುಳ ಸೇರಿಕೊಂಡು ಒಂದೇ ಗೂಡು ಕಟ್ಟಿಬಿಡುತ್ತವೆ. ಅದು ಜೋಡಿ ಗೂಡು. ಎರಡು ಎಳೆ ಸಿಕ್ಕುಹಾಕಿಕೊಂಡು ನೂಲು ಬಿಚ್ಚಲು ಬರುವುದಿಲ್ಲ. ಅದಕ್ಕೇ ಅಜ್ಜಿ, "ಕೈತುಂಬ ಸುರೀಬ್ಯಾಡಿ, ಬಿತ್ನೆ ಚೆಲ್ದಂಗೆ ಚೆಲ್ಲಿ" ಎಂದು ಕೂಗುತ್ತಲೇ ಇರುತ್ತಿದ್ದಳು. ಆ ದಿನ ಜಡಿಮಳೆ ಹಿಡಿದಿತ್ತು. ನೆನೆದ ಚಂದ್ರಂಕಿಯಲ್ಲಿ ಹುಳ ಗೂಡು ಕಟ್ಟುವುದಿಲ್ಲ. ಹಾಗಾಗಿ ಅಷ್ಟನ್ನೂ ಒಳಗೇ ನಿಲ್ಲಿಸಬೇಕಾಗಿತ್ತು. ಕೋಣೆಯಲ್ಲಿ ನಿಂತವು, ಅಡುಗೆಮನೆಯಲ್ಲಿ ನಿಂತವು. ಮಿಕ್ಕ ಚಂದ್ರಂಕಿಗಳನ್ನು ನಡುಮನೆಯ ಗೋಡೆಗೆ ಒರಗಿಸಿ, ಹುಳ ಬಿಡುವುದಷ್ಟೇ ಬಾಕಿಯಿತ್ತು.

ಅಂಥ ಹೊತ್ತಿಗೆ ದೊಡ್ಡಆಲಹಳ್ಳಿಯಿಂದ ಜಯತ್ತೆಯ ಭಾವ, ಜೊತೆಗೆ ಊರಿನ ಹಿರಿಯರೊಬ್ಬರು ಬಂದರು. ಹುಳ ಹಣ್ಣಾದ ದಿನ ಬಂದ ನೆಂಟರಿಗೆ ಕುಡಿಯಲು ಮಜ್ಜಿಗೆ ಸಿಕ್ಕರೆ ಅದೇ ದೊಡ್ಡ ಮರ್ಯಾದೆ. ಅವರನ್ನು ಜಗಲಿಯಲ್ಲಿ ಕೂರಿಸಿ ಅಪ್ಪ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಜಯತ್ತೆ ಬಾಗಿಲ ಹಿಂದೆ ನಿಂತಳು.

"ನೋಡಪ್ಪ ಸಿದ್ದೇಗೌಡ," ಎಂದರು ಹಿರಿಯರು, "ನಿನ್ ತಂಗೀನ ಯಾರೂ ಓಗು ಅಂದಿಲ್ಲ. ಅವ್ಳೂ ಇರ್ಲಿ, ಈವಮ್ಮನೂ ಇರ್ಲಿ. ಮನೆ ದೊಡ್ಡದಾಗೈತೆ. ಕಳ್ಸಿಕೊಡು."

ಅಪ್ಪ ನೆಲ ನೋಡುತ್ತಿದ್ದ.

"ಅಲ್ಲಿ ಜಾಗ ಐತೆ ಗೌಡ್ರೇ," ಎಂದಳು ಜಯತ್ತೆ ಬಾಗಿಲ ಹಿಂದಿನಿಂದ. "ನನ್ ಜಾಗ ಇಲ್ಲ."

ಭಾವ ಒಳಗೆ ಬಗ್ಗಿ ನೋಡಿದ. "ಇಲ್ಲಿ ಐತಾ ಮತ್ತೆ? ನಿಮ್ಮಣ್ಣನ ಮನೇವ್ರೇ ಜಗಲೀಲಿ ಮಲಗ್ತಾರೆ. ಒಳಗೆ ಕಾಲಿಡಾಕೆ ತಾವಿಲ್ಲ. ನಿನ್ ಚಾಪೆ ಎಲ್ ಹಾಸ್ತೀಯ, ಒಸಿ ತೋರ್ಸು, ನೋಡಾನ."

ಅವನು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಅದೇ ಕಷ್ಟ. ಜಯತ್ತೆ ಕಂಕುಳಲ್ಲಿದ್ದ ಚಾಪೆಯನ್ನು ಇನ್ನಷ್ಟು ಒತ್ತಿ ಹಿಡಿದಳು. ಯಾರನ್ನು ಎಲ್ಲಿಗೆ ಸರಿಸುವುದೆಂದು ಬಲ್ಲ ಅಜ್ಜಿಗೇ ಆವತ್ತು ಜಾಗ ಹೊಳೆಯಲಿಲ್ಲ. ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಬೆರಳಿನ ತುದಿಗೆ ಅಂಟಿದ್ದ ರೇಷ್ಮೆಯ ಎಳೆಯೊಂದನ್ನು ಬಿಡಿಸುತ್ತ ಕೂತಿದ್ದ.

ನಮ್ಮವ್ವ ಹುಳದ ತಟ್ಟೆ ಹಿಡಿದು ನಡುಮನೆಯಲ್ಲಿ ನಿಂತಿದ್ದಳು. ಹೊರಗಿನ ಗಂಡಸರ ಎದುರು ಅವಳು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ತಟ್ಟೆಯನ್ನು ಕೆಳಗಿಟ್ಟಳು. ಗೋಡೆಗೆ ಒರಗಿಸಿದ್ದ ಚಂದ್ರಂಕಿಯೊಂದನ್ನು ಎತ್ತಿ ಹೊಸಿಲು ದಾಟಿ, ಕೂತವರ ಮುಂದೆಯೇ ಹಾದು, ಅಂಗಳದ ಜಡಿಮಳೆಯಲ್ಲಿ ನಿಲ್ಲಿಸಿ ಬಂದಳು. ಮತ್ತೊಂದನ್ನು ಎತ್ತಿದಳು.

ಅಜ್ಜಿ ಎದೆ ಬಡಿದುಕೊಂಡಳು. "ಲೇ, ನೆನೀತವೆ ಕಣೇ! ಹುಳ ಎಲ್ ಬುಡಾನ?"

"ನೆನೀಲಿ ಅತ್ತೆಮ್ಮ" ಎಂದಳು ಅವ್ವ.

ನಡುಮನೆಯ ಅಷ್ಟೂ ಚಂದ್ರಂಕಿ ಹೊರಗೆ ಹೋದವು. ಬಾಡಿಗೆಗೆ ತಂದವು, ಅವುಗಳ ಮೇಲೆ ಮನೆಯವರೆಲ್ಲರ ಒಂದು ತಿಂಗಳ ನಿದ್ದೆ ನಿಂತಿತ್ತು. ರೇಷ್ಮೆ ಬೆಳೆಯುವ ನಾಡಿನಲ್ಲಿ ಹುಚ್ಚು ಹಿಡಿದವರೂ 'ಹಣ್ಣಾದ ಹುಳವನ್ನು ತಟ್ಟೆಯಲ್ಲಿ ಬಿಟ್ಟು ಚಂದ್ರಂಕಿಯನ್ನು ಮಳೆಗೆ ಇಡುವ' ಕೆಲಸ ಮಾಡುವುದಿಲ್ಲ. ಜಗಲಿಯಲ್ಲಿ ಕೂತಿದ್ದವರೂ ಹುಳ ಸಾಕುವವರೇ. ಏನು ನಡೆಯುತ್ತಿದೆ ಎಂದು ಅವರಿಗೆ ವಿವರಿಸಬೇಕಾಗಿರಲಿಲ್ಲ. ಹಿರಿಯರು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು. ಅವ್ವ ಪೊರಕೆ ತಂದು ಗೋಡೆಯ ಬದಿ ಗುಡಿಸಿ, ಜಯತ್ತೆಯ ಕಂಕುಳಿನಿಂದ ಚಾಪೆ ಕಿತ್ತುಕೊಂಡು ಅಲ್ಲಿ ಹಾಸಿದಳು.

"ನೋಡ್ಕಳಿ. ಇದು ಜಯಮ್ಮನ ಜಾಗ. ಮುಂದಿನ ಬೆಳೆಗೂ ಇಲ್ಲಿಗೆ ಚಂದ್ರಂಕಿ ಬರಾಕಿಲ್ಲ."

ಅಷ್ಟು ಹೇಳಿ ತಟ್ಟೆ ಎತ್ತಿಕೊಂಡು ಕೋಣೆಗೆ ಹೋದಳು. ನಮ್ಮ ಕಣ್ಣು ಅಜ್ಜಿಯ ಮೇಲೆ. ಅಜ್ಜಿ ಅಂಗಳ ನೋಡಿದಳು, ತಟ್ಟೆಗಳಲ್ಲಿ ತಲೆಯಾಡಿಸುತ್ತಿದ್ದ ಹುಳ ನೋಡಿದಳು. ನಿಟ್ಟುಸಿರು ಬಿಟ್ಟು, "ಮಿಕ್ಕಿದ್ರಲ್ಲೇ ಒಸಿ ಒತ್ತಾಗ್ ಬುಡಿ, ಏನ್ ಮಾಡದು" ಎಂದಳು. ನೆಂಟರು ಎದ್ದು ಹೋದರು.

ತಾನಾಗೇ ಆಗುತ್ತೆ ಎಂದು ಚೈತ್ರ ಹೇಳಿದಳಲ್ಲ, ಕಂಪ್ಯೂಟರಿನ ಮಟ್ಟಿಗೆ ನಾನು ಒಪ್ಪುತ್ತೇನೆ. ಮನೆಯಲ್ಲಿ ಯಾವುದೂ ತಾನಾಗೇ ಸರಿಯುವುದಿಲ್ಲ. ಒಬ್ಬರಿಗೆ ಜಾಗವಾಯಿತೆಂದರೆ ಇನ್ಯಾರೋ ತಮ್ಮದನ್ನು ಎತ್ತಿ ಮಳೆಗಿಟ್ಟಿದ್ದಾರೆ ಎಂದೇ ಅರ್ಥ. ಅತ್ತಿಗೆ, ನಾದಿನಿ ಅಂದರೆ ಹಾವು ಮುಂಗುಸಿ ಎನ್ನುವ ಜನರಿಗೆ ನಾನು ಈ ಕಥೆ ಹೇಳಿದ್ದೇನೆ, ಅವರು ನಂಬಿಲ್ಲ. ತನಗೇ ಒಂದು ಜಾಗವೆಂದು ಇಲ್ಲದಿದ್ದ ಅವ್ವ ಆ ಜಾಗವನ್ನು ತನಗಾಗಿ ಯಾಕೆ ಕೇಳಲಿಲ್ಲ ಎಂದು ನಾನು ಈಗಲೂ ಯೋಚಿಸುತ್ತೇನೆ. ಕೇಳಬೇಕು ಎಂದು ಅವಳಿಗೆ ಹೊಳೆದಿರಲಾರದು. ಅದು ನನಗೆ ಹೆಮ್ಮೆಯ ವಿಷಯವಲ್ಲ, ನೋವಿನದು.

ಆದರೆ ಅಪ್ಪ ಮಾತಾಡಲಿಲ್ಲ. ಆ ದಿನವೂ ಇಲ್ಲ, ಗೂಡು ಬಿಡಿಸುವ ತನಕವೂ ಇಲ್ಲ. ನಡುಮನೆಯ ಆ ಚಾಪೆಯ ಮೇಲೆ ಜಯತ್ತೆ ಗೋಡೆಯ ಕಡೆ ಮುಖ ಮಾಡಿ, ಎಷ್ಟು ಕಮ್ಮಿ ಜಾಗದಲ್ಲಿ ಆಗುತ್ತೋ ಅಷ್ಟರಲ್ಲಿ ಮುದುರಿಕೊಂಡು ಮಲಗುತ್ತಿದ್ದಳು. "ಅಣ್ಣಯ್ಯ ಒಂದ್ ಮಾತೂ ಆಡ್ಲಿಲ್ವಲ್ಲ ಅತ್ಗೆ" ಎಂದು ಅವ್ವನ ಹತ್ತಿರ ಹೇಳುವುದು ಕೇಳಿಸುತ್ತಿತ್ತು. ಅವ್ವ ಚಾಪೆ ಹಾಸಬಲ್ಲಳು. ಆದರೆ ಮನೆ ಅಪ್ಪನ ಹೆಸರಿನದು, ಅವನು ಇರು ಎನ್ನದೆ ಆ ಚಾಪೆ ನಾಳೆಗೂ ಅಲ್ಲೇ ಇರುತ್ತದೆ ಎಂದು ಯಾರು ನಂಬಬೇಕು? ನನಗೆ ಅಪ್ಪನ ಮೇಲೆ ಸಿಟ್ಟು ಬಂದು, ಅವನು ಕರೆದರೆ ಕೇಳಿಸದವಳ ಹಾಗೆ ಓಡಾಡುತ್ತಿದ್ದೆ.

ಗೂಡು ಬಿಡಿಸಿದಾಗ ಎಲ್ಲರೂ ಅಂದುಕೊಂಡ ಹಾಗೇ ಆಗಿತ್ತು. ಎಲ್ಲೆಲ್ಲೂ ಜೋಡಿ ಗೂಡು, ದಪ್ಪಗೆ, ಆಕಾರವಿಲ್ಲದೆ. ಜಯತ್ತೆ ಅವನ್ನು ಬೇರೆ ಆರಿಸಿ ಹಾಕುತ್ತಿದ್ದಳು. ಆರಿಸಿದಷ್ಟೂ ಮುಗಿಯದೆ, "ಇವೆಲ್ಲಾ ನನ್ ಲೆಕ್ಕುಕ್ಕೇ ಬರ್ಕಳಿ" ಎಂದು ನಗಲು ನೋಡಿ, ಮುಖ ಮುಚ್ಚಿಕೊಂಡು ಎದ್ದುಹೋದಳು. ಪೂರ್ತಿ ಬೇರ್ಪಡಿಸಲಾಗದೆ ಎಷ್ಟೋ ಒಳಗೇ ಉಳಿದವು. ಅಪ್ಪ ಮೂಟೆ ಕಟ್ಟಿದ. ನನಗೆ ಕಿವಿ ಸೋರುತ್ತಿದ್ದದ್ದರಿಂದ ರಾಮನಗರದ ಡಾಕ್ಟರಿಗೆ ತೋರಿಸಬೇಕೆಂದು ನನ್ನನ್ನೂ ಕರೆದುಕೊಂಡ. ಚನ್ನಪಟ್ಟಣದ ತನಕ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆಗೇ ತಿರುಗಿ ಕೂತಿದ್ದೆ.

ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಜನವೋ ಜನ. ಮಾಗಡಿಯವರು, ಕನಕಪುರದವರು, ಉಯ್ಯಂಬಳ್ಳಿ ಕಡೆಯವರು, ಎಲ್ಲರೂ ತಂತಮ್ಮ ಗೂಡನ್ನು ಸಾಲು ತೊಟ್ಟಿಗಳಲ್ಲಿ ಹರಡಿಕೊಂಡು, ಒಬ್ಬರದನ್ನು ಒಬ್ಬರು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ನಮ್ಮ ತೊಟ್ಟಿಯ ಪಕ್ಕದವರು ದೊಡ್ಡಆಲಹಳ್ಳಿಯ ಸೀಮೆಯವರೇ. ಅಪ್ಪನ ಗುರುತು ಹಿಡಿದು ತಲೆಯಾಡಿಸಿದರು. ಅವರ ಎದುರಿಗೇ ನಮ್ಮ ಗೂಡನ್ನು ಪ್ರತಿ ಸಲ ನೋಡುವ ನೂಲು ಬಿಚ್ಚುವ ಸಾಬರು ಬಂದು, ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಿನಲ್ಲಿ ಕೆದಕಿದರು. ಅವರ ಹುಬ್ಬು ಗಂಟಿಕ್ಕಿತು.

"ಕ್ಯಾ ಗೌಡ್ರೇ, ಏನ್ ಇದು? ನಿಮ್ದು ಗೂಡು ಅಂದ್ರೆ ನಾನು ಕಣ್ ಮುಚ್ಕೊಂಡಿ ತಗೊಳ್ತಿದ್ದೆ. ಇಷ್ಟು ಜೋಡಿ ಗೂಡು ಹೆಂಗೆ ಬಂತು?"

ಅಕ್ಕಪಕ್ಕದವರು ಕತ್ತು ಚಾಚಿದರು. ಮಳೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ವಾರ ಎಲ್ಲರೂ ಮಳೆಯ ಮೇಲೇ ಹಾಕುತ್ತಿದ್ದರು, ಯಾರೂ ಮರುಮಾತು ಕೇಳುತ್ತಿರಲಿಲ್ಲ. ಅಪ್ಪನಿಗೆ ಸುಮ್ಮನಿರುವುದು ಇನ್ನೂ ಸಲೀಸು. ಅವನು ಕತ್ತು ಉಜ್ಜಿಕೊಂಡ. ಪಕ್ಕದ ತೊಟ್ಟಿಯವರನ್ನು ಒಮ್ಮೆ ನೋಡಿದ.

"ಮನೇಲಿ ಚಂದ್ರಂಕಿ ನಿಲ್ಸಾಕೆ ಜಾಗ ಸಾಲ್ನಿಲ್ಲ ಸಾಬ್ರೇ. ನನ್ ತಂಗಿ ಬಂದವ್ಳೆ. ನಡುಮನೆ ಅವಳ್ಗೆ ಕೊಟ್ಬುಟ್ಟೋ."

ಸಾಬರು ಕೈಯಲ್ಲಿದ್ದ ಗೂಡನ್ನು ಮೆಲ್ಲಗೆ ತೊಟ್ಟಿಗೆ ಬಿಟ್ಟರು. "ಅಚ್ಛಾ, ತಂಗಿ ಬಂದಿದಾರಾ? ಎಷ್ಟು ದಿನಕ್ಕೆ ಬಂದಿದಾರೆ?"

"ಇರಾಕ್ ಬಂದವ್ಳೆ" ಎಂದ ನಮ್ಮಪ್ಪ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸೋರುತ್ತಿದ್ದ ನನ್ನ ಕಿವಿಗೂ ಚೆನ್ನಾಗಿ ಕೇಳಿಸಿತು.